ಮಗುಚಿಟ್ಟ ಲಕೋಟೆ

ಪುಸ್ತಕದ ಮೇಲಿನ ಬೆಲೆಚೀಟಿ ಕೀಳುವಾಗ ಆತುರಪಟ್ಟರೆ ಕೆಟ್ಟಂತೆಯೇ. ಉಗುರು ಹಾಕಿ ಎಳೆದರೆ ಮುಖಪುಟದ ಬಣ್ಣವೂ ಚೀಟಿಯ ಜೊತೆಗೇ ಎದ್ದು ಬರುತ್ತದೆ. ಅದಕ್ಕೇ ಅವಳು ಹೇರ್ ಡ್ರೈಯರನ್ನು ಗೇಣು ದೂರದಲ್ಲಿ ಹಿಡಿದು, ಅಂಟು ಸಡಿಲವಾಗಿ ಚೀಟಿಯ ಮೂಲೆ ತಾನಾಗಿ ಏಳುವವರೆಗೆ ಬಿಸಿಗಾಳಿ ಬಿಡುತ್ತ ಕೂತಿದ್ದಳು.

"ಇದೇನೇ ಪುಟ್ಟಿ, ಪುಸ್ತಕಕ್ಕೆ ತಲೆಗೆ ನೀರು ಹಾಕಿದೀಯಾ?" ಎಂದಳು ದೊಡ್ಡಮ್ಮ, ಬಾಗಿಲಲ್ಲಿ ನಿಂತು.

"ಹ್ಞೂಂ, ಹಾಗೇ ಬಿಟ್ರೆ ಶೀತ ಆಗುತ್ತೆ."

"ಜನ ಮದುಮಗಳನ್ನ ಸಿಂಗಾರ ಮಾಡ್ತಾರೆ. ನೀನು ಪುಸ್ತಕಕ್ಕೆ ಮಾಡ್ತೀಯ. ಇರ್ಲಿ, ಅದಕ್ಕಾದ್ರೂ ಯೋಗ ಇದೆ."

ದೊಡ್ಡಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಲೇಖಕರು ತಮ್ಮ ಹೊಸ ಪುಸ್ತಕವನ್ನು ಅವಳಿಗೆ ಕಳಿಸುತ್ತಿದ್ದರು. ಅವಳು ಅದನ್ನು ಸಿಂಗರಿಸಿ, ಫೋಟೋ ತೆಗೆದು, ಜಾಲತಾಣದಲ್ಲಿ ಅವರವರ ಖಾತೆಗೆ ಹಾಕುತ್ತಿದ್ದಳು. ಮೇಲಿನ ಮಹಡಿಯ ಈ ಕೋಣೆಗೆ ದೊಡ್ಡ ಕಿಟಕಿ, ಕಿಟಕಿಗೆ ಹಳೆಯ ಹಾಸಿಗೆ ಹೊದಿಕೆಯಿಂದ ಹೊಲಿದ ಬಿಳಿ ಪರದೆ. ಗೋಡೆಗೆ ಒರಗಿಸಿಟ್ಟ ಹಲಗೆಗಳು, ಒಂದು ಮಗ್ಗುಲಿಗೆ ಮರದ ಬಣ್ಣ, ಇನ್ನೊಂದಕ್ಕೆ ಅಮೃತಶಿಲೆಯ ಬಣ್ಣ. ಒಣಗಿದ ಹೂವುಗಳ ಬುಟ್ಟಿ. ಕಪಾಟಿನಲ್ಲಿ ಚೆಂದದ ಬಟ್ಟಲುಗಳ ಸಾಲು. ಆ ಬಟ್ಟಲುಗಳಿಗೆ ಈವರೆಗೆ ಟೀ ಎಂಬುದು ಹೇಗಿರುತ್ತದೆಂದೇ ಗೊತ್ತಿರಲಿಲ್ಲ, ಫೋಟೋಗಾಗಿ ಅವುಗಳಲ್ಲಿ ತುಂಬುತ್ತಿದ್ದದ್ದು ಬಣ್ಣದ ನೀರು.

ಮತ್ತು ಮೇಜಿನ ತುದಿಯಲ್ಲಿ, ಮಗುಚಿಟ್ಟ ಒಂದು ಲಕೋಟೆ.

ಚೀಟಿ ಎದ್ದಿತು. ಅಷ್ಟರಲ್ಲಿ ಫೋನೂ ಬಂತು. ಅಮ್ಮ.

"ಅಲ್ಲ ಕಣೇ, ನಿನ್ನೆ ಫೋಟೋದಲ್ಲಿ ಲಕೋಟೆ ಕಾಣ್ಲೇ ಇಲ್ಲ ಅಂತ ನಿಮ್ಮಪ್ಪನ್ನ ನಿದ್ದೆಯಿಂದ ಎಬ್ಬಿಸಿದೆ. ಅವರು ಕಣ್ಣುಜ್ಜಿಕೊಂಡು ನೋಡಿ, 'ಬಟ್ಟಲಿನ ಕೆಳಗೆ ಮೂಲೆ ಕಾಣ್ತಾ ಇದೆಯಲ್ಲೇ' ಅಂದ್ರು. ಸುಮ್ಸುಮ್ನೆ ನನ್ನೆದೆ ಹಾರಿಸ್ತೀಯ."

"ಅಮ್ಮಾ, ನೀನು ಆ ಮಾತು ಎತ್ತಲ್ಲ ಅಂತ ಒಪ್ಪಿಕೊಂಡಿದ್ದೆ."

"ನಾನೆಲ್ಲಿ ಮದುವೆ ಅಂದೆ? ಲಕೋಟೆ ಅಂದೆ, ಅಷ್ಟೇ."

ಆ ಲಕೋಟೆಯ ಸಂಗತಿ ಇಷ್ಟು. ಬೇರೆ ಊರಲ್ಲಿರುವ ಅಮ್ಮ ಫೋನು ಮಾಡಿದಾಗಲೆಲ್ಲ ಮಾತು ಎಲ್ಲಿಂದ ಹೊರಟರೂ ಮಗಳ ಮದುವೆಯ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಮಗಳು ಫೋನು ಎತ್ತುವುದನ್ನೇ ಕಡಿಮೆ ಮಾಡಿದಳು. ಕೊನೆಗೆ ಅಮ್ಮನೇ ಒಮ್ಮೆ ಬಂದವಳು, ತನ್ನ ವಿಳಾಸವನ್ನು ತಾನೇ ಗುಂಡಗೆ ಬರೆದು, ಅಂಚೆಚೀಟಿ ಅಂಟಿಸಿದ ಲಕೋಟೆಯೊಂದನ್ನು ಮೇಜಿನ ಮೇಲಿಟ್ಟಳು. "ನಿನ್ನ ಮನಸ್ಸಿಗೆ ಒಪ್ಪಿದೋನು ಸಿಕ್ಕಿದ ದಿನ ಇದನ್ನ ಪೋಸ್ಟ್ ಡಬ್ಬಿಗೆ ಹಾಕು. ಒಳಗೆ ಏನೂ ಬರೀದಿದ್ರೂ ನನಗೆ ಅರ್ಥ ಆಗುತ್ತೆ. ಅಲ್ಲೀತನಕ ನಾನು ಬಾಯಿ ಬಿಡಲ್ಲ."

ಬಾಯಿ ಬಿಡುವುದಿಲ್ಲ ಎಂದಿದ್ದಳೇ ಹೊರತು ಕಣ್ಣು ಬಿಡುವುದಿಲ್ಲ ಎಂದಿರಲಿಲ್ಲ. ಮಗಳು ಒಮ್ಮೆ ತಮಾಷೆಗೆಂದು ಆ ಲಕೋಟೆಯನ್ನು ಪುಸ್ತಕವೊಂದರ ಪಕ್ಕದಲ್ಲಿಟ್ಟು ಫೋಟೋ ತೆಗೆದಳು. ಅಮ್ಮ ಕ್ಷಣದಲ್ಲಿ ಗುರುತು ಹಿಡಿದಳು. ಅಲ್ಲಿಂದ ಅದೊಂದು ಆಟವೇ ಆಗಿಹೋಯಿತು. ಪ್ರತಿ ಫೋಟೋದಲ್ಲೂ ಎಲ್ಲೋ ಒಂದು ಕಡೆ ಲಕೋಟೆ ಇರಬೇಕು, ಅಮ್ಮ ಹುಡುಕಬೇಕು. ವಿಳಾಸ ಲೋಕಕ್ಕೆಲ್ಲ ಕಾಣಬಾರದಲ್ಲ, ಹಾಗಾಗಿ ಯಾವಾಗಲೂ ಬೆನ್ನು ಮೇಲೆ ಮಾಡಿ ಮಲಗಿಸಿದ್ದು.

ಈಗೀಗ ಆಟದಲ್ಲಿ ಒಂದು ಸಣ್ಣ ಮುಳ್ಳು ಸೇರಿಕೊಂಡಿತ್ತು. ಮನಸ್ಸಿಗೆ ಒಪ್ಪಿದವನು ಸಿಕ್ಕಿದ್ದ. ದೂರವೇನಲ್ಲ, ಕೆಳಗಿನ ಮಹಡಿಯಲ್ಲಿ. ಕನ್ನಡಕದಂಗಡಿಯವನು. ಅವನಿಗೆ ಮಾತ್ರ ತನ್ನ ಕನ್ನಡಕಗಳ ಚಿಂತೆ ಬಿಟ್ಟರೆ ಲೋಕದಲ್ಲಿ ಬೇರೊಂದಿರುವಂತೆ ಕಾಣುತ್ತಿರಲಿಲ್ಲ.

*

ಪುಸ್ತಕದ ಫೋಟೋ ಎಂದರೆ ಪಕ್ಕದಲ್ಲೊಂದು ಕನ್ನಡಕ ಬೇಕೇ ಬೇಕು. ಅದಿಲ್ಲದಿದ್ದರೆ ಪುಸ್ತಕ ಒಂಟಿಯಾಗಿ, ಯಾರೂ ಓದದೆ ಬಿಟ್ಟಂತೆ ಕಾಣುತ್ತದೆ. ಹಾಗಾಗಿ ಅವಳು ಆಗಾಗ ಕೆಳಗಿಳಿದು ಫ್ರೇಮು ಕಡ ತರುತ್ತಿದ್ದಳು.

ಅವನು ಒಂದು ಫ್ರೇಮಿನ ಸಾಸಿವೆಯಂಥ ಸ್ಕ್ರೂ ಬಿಗಿಯುತ್ತಿದ್ದ. ತಲೆ ಎತ್ತದೆಯೇ ಅಂದ:

"ಬನ್ನಿ ಫೋಟೋದವರೇ. ಹೋದ ಸಲದ ಕನ್ನಡಕದ ಮೂಗಿನ ಮೇಲೆ ಸಕ್ಕರೆಪುಡಿ ಇತ್ತು."

"ಅದು ಸಿಹಿತಿಂಡಿ ಮಾಡೋ ಪುಸ್ತಕ ಕಣ್ರೀ. ಸಕ್ಕರೆ ಇಲ್ದೆ ಇನ್ನೇನು ಉದುರಿಸ್ಲಿ?"

"ಬೆಳಗ್ಗೆ ನೋಡ್ತೀನಿ, ಕನ್ನಡಕಕ್ಕೆ ಇರುವೆ ಮುತ್ತಿದಾವೆ."

"ಪಾಪ, ಅವಕ್ಕೂ ಕಣ್ಣು ಮಂಜಾಗಿರ್ಬೇಕು. ಪರೀಕ್ಷೆ ಮಾಡಿಸ್ಕೊಳ್ಳೋಕೆ ಬಂದಿರ್ತವೆ."

ಅವನ ತುಟಿಯ ಒಂದು ಕೊನೆ ಮಾತ್ರ ನಕ್ಕಿತು. ಪೂರ್ತಿ ನಗುವುದಕ್ಕೆ ಇವರಿಗೆ ಯಾರ ಅಪ್ಪಣೆ ಬೇಕೋ ಎಂದುಕೊಂಡಳು ಅವಳು. ಅವನು ಮಾಮೂಲಿನಂತೆ ಎಚ್ಚರಿಕೆಗಳನ್ನು ಒಪ್ಪಿಸಿದ. ಗಾಜಿನ ಮೇಲೆ ಬೆರಳಿಡಬಾರದು. ಮಗುಚಿಡಬಾರದು. ಮುಖ್ಯವಾಗಿ, ಉಟ್ಟ ಬಟ್ಟೆಯ ಅಂಚಿನಿಂದ ಒರೆಸಲೇಬಾರದು.

"ಉಟ್ಟ ಬಟ್ಟೆಯಿಂದ ಒರೆಸೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ."

"ಗೊತ್ತು. ಬಂದಾಗೆಲ್ಲ ಉರಿಸ್ಕೋತೀರಲ್ಲ," ಎಂದು ಅವಳು ಗಾಜಿನ ಪೆಟ್ಟಿಗೆಯ ಮೇಲೆ ಮೊಣಕೈ ಊರಿದಳು. "ಇವತ್ತು ಹೊಸದು ಬೇಡ. ಪ್ರೇಮದ ಕಾದಂಬರಿ. ನಾಯಕಿ ಊರಿನ ವೈದ್ಯನ್ನ ಮದುವೆ ಆಗ್ತಾಳೋ, ನದಿ ದಾಟಿಸೋ ದೋಣಿಯವನನ್ನೋ ಅಂತ ಆಯ್ದ ಭಾಗ ಓದಿದ ಓದುಗರೆಲ್ಲ ಆಗ್ಲೇ ಪಂಗಡ ಕಟ್ಕೊಂಡು ಜಗಳ ಆಡ್ತಿದಾರೆ. ಬಿಡುಗಡೆ ಆಗೋವರೆಗೂ ಗುಟ್ಟು. ಬರೆದೋರು ನನಗೂ ಹೇಳಿಲ್ಲ."

"ಪುಸ್ತಕ ನಿಮ್ಮ ಹತ್ರಾನೇ ಇದೆಯಲ್ಲ, ಓದಬಹುದಿತ್ತು."

"ಓದೋಕೆ ಕೂತ್ರೆ ಬೆಳಕು ಕಾಯುತ್ತಾ? ಮೊದಲು ಫೋಟೋ, ಆಮೇಲೆ ದೊಡ್ಡಮ್ಮ ಓದ್ತಾಳೆ, ಆಮೇಲೆ ನನ್ನ ಸರದಿ. ಅದಿರ್ಲಿ, ಯಾರೋ ಓದೀ ಓದೀ, ಕೊನೆ ಪುಟ ಮುಗಿಸಿ, ಈಗಷ್ಟೇ ತೆಗೆದಿಟ್ಟು ಎದ್ದು ಹೋದ್ರು ಅನ್ನೋ ಹಾಗೆ ಕಾಣ್ಬೇಕು. ಕಿವಿಯ ಹತ್ರ ಕಡ್ಡಿ ಸವೆದಿರ್ಬೇಕು. ಬಳಸಿದ ಕನ್ನಡಕ ಇದೆಯಾ?"

ಅವನು ಅಂಗಡಿಯನ್ನೆಲ್ಲ ಒಮ್ಮೆ ನೋಡಿದ. ಆಮೇಲೆ ಎರಡೂ ಕೈ ಎತ್ತಿ ತನ್ನ ಕನ್ನಡಕವನ್ನೇ ತೆಗೆದು ಅವಳ ಮುಂದಿಟ್ಟ.

ಗಾಜಿನ ಹಿಂದೆ ಯಾವಾಗಲೂ ಅಗಲವಾಗಿ, ತುಸು ಗಾಬರಿಯಾದಂತೆ ಕಾಣುತ್ತಿದ್ದ ಕಣ್ಣುಗಳು ಈಗ ತಮ್ಮ ಅಳತೆಗೆ ಬಂದಿದ್ದವು. ಸಣ್ಣ, ಸಾದಾ ಕಣ್ಣುಗಳು. ನಿದ್ದೆಯಿಂದ ಈಗ ತಾನೇ ಎದ್ದವರ ಕಣ್ಣಿನ ಮೆದುತನ. ಮೂಗಿನ ಎರಡು ಬದಿಗೂ ಕನ್ನಡಕ ಒತ್ತಿ ಮೂಡಿದ ಎರಡು ಕೆಂಪು ಗುರುತು. ಅವುಗಳ ಮೇಲೆ ಬೆರಳಿಟ್ಟು ನೋಡಬೇಕೆಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ, ಆ ಬೆರಳನ್ನು ಅಂಗೈಯೊಳಗೆ ಮಡಚಿಟ್ಟುಕೊಳ್ಳಬೇಕಾಯಿತು.

"ಮತ್ತೆ ನೀವು?"

"ದೂರದ್ದು ಹೇಗೋ ಕಾಣುತ್ತೆ. ಹತ್ತಿರ ಇರೋದೇ ಕಾಣಲ್ಲ."

"ಅದು ಕನ್ನಡಕ ಇದ್ದಾಗ್ಲೂ ಹಾಗೇ ಇತ್ತು," ಎಂದಳು ಅವಳು, ಗಂಟಲೊಳಗೇ.

"ಏನಂದ್ರಿ?"

"ಬೇಗ ತಂದ್ಕೊಡ್ತೀನಿ ಅಂದೆ."

ಅವಳು ಬಾಗಿಲು ದಾಟುವಾಗ ಅವನ ದನಿ ಹಿಂದಿನಿಂದ ಬಂತು. "ಆ ಲಕೋಟೆ... ಇವತ್ತೂ ಇಡ್ತೀರಾ?"

"ಅದು ಯಾವಾಗ್ಲೂ ಇರುತ್ತೆ."

"ಹೌದು. ಇರುತ್ತೆ," ಎಂದ ಅವನು, ಬೀಳದೇ ಇದ್ದ ಸ್ಕ್ರೂ ಒಂದನ್ನು ನೆಲದಲ್ಲಿ ಹುಡುಕಲು ಬಗ್ಗುತ್ತ.

ಎಂಥ ಒಣ ಮನುಷ್ಯ, ಎಂದುಕೊಂಡು ಅವಳು ಮೆಟ್ಟಿಲು ಹತ್ತಿದಳು. ಕೈಯಲ್ಲಿದ್ದ ಕನ್ನಡಕದಲ್ಲಿ ಮಾತ್ರ ಅವನ ಕಿವಿಯ ಬಿಸಿ ಇನ್ನೂ ಆರಿರಲಿಲ್ಲ.

*

ಕೊನೆಯ ಪುಟ ಅವಳಿಗೆ ಅಚ್ಚುಮೆಚ್ಚು. ಕಥೆ ಮೇಲ್ಭಾಗದಲ್ಲೇ ಮುಗಿದು ಕೆಳಗೆಲ್ಲ ಬಿಳಿಯ ಬಯಲು ಉಳಿದಿರುತ್ತದೆ. ಆ ಬಯಲಿನ ಮೇಲೆ ಬೆಳಕು ಚೆಲ್ಲಿದರೆ ಕಣ್ಣಿಗೆ ಹಬ್ಬ. ಅಕ್ಷರಗಳು ಹೇಗಿದ್ದರೂ ಸಣ್ಣವು, ಅಷ್ಟು ದೂರದಿಂದ ಯಾರು ಓದುತ್ತಾರೆ? ಅವಳು ಪುಸ್ತಕವನ್ನು ಅಲ್ಲಿಗೆ ಬಿಡಿಸಿ, ಸಾಲುಗಳ ಮೇಲೊಂದು ಒಣಹೂವು ಮಲಗಿಸಿದಳು. ಪುಸ್ತಕದ ಅಡಿಯಿಂದ ಲಕೋಟೆ ಒಂದಿಷ್ಟು ಇಣುಕಿತು. ಕಡ್ಡಿ ಬಿಚ್ಚಿದ ಕನ್ನಡಕವನ್ನು ಪುಟದ ಮೇಲೆ ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಸರಿದಾಗ, ಈಗಷ್ಟೇ ಯಾರೋ ಎದ್ದು ಹೋಗಿದ್ದಾರೆ, ಈಗ ವಾಪಸು ಬರುತ್ತಾರೆ ಎನ್ನಿಸಿ ಅವಳು ನಿಜವಾಗಿಯೂ ಬಾಗಿಲ ಕಡೆ ನೋಡಿದಳು.

ಫೋಟೋ ತೆಗೆದದ್ದೂ ಆಯಿತು, ಕಾದಂಬರಿಕಾರ್ತಿಯ ಖಾತೆಯಲ್ಲಿ ಹಾಕಿದ್ದೂ ಆಯಿತು. ಆಮೇಲೆ ಮಕ್ಕಳ ಪುಸ್ತಕವೊಂದಕ್ಕೆ ಹತ್ತಿಯಿಂದ ಮೋಡ ಮಾಡುತ್ತ ಕೂತವಳಿಗೆ ಕನ್ನಡಕ ಹಿಂದಿರುಗಿಸುವುದು ಮರೆತೇಹೋಯಿತು.

ಮಧ್ಯಾಹ್ನದ ಹೊತ್ತಿಗೆ ಫೋನು ಮೇಜಿನ ಮೇಲೆ ನಿಂತಲ್ಲಿ ನಿಲ್ಲದೆ ಗುಂಯ್‌ಗುಡತೊಡಗಿತು.

'ಅಯ್ಯಯ್ಯೋ, ದೋಣಿಯವನಾ?!'

'ನಾನು ಮೊದಲೇ ಹೇಳಿರ್ಲಿಲ್ವಾ, ದೋಣಿಯವನೇ ಅಂತ!'

'ವೈದ್ಯನಿಗೆ ಮೋಸ. ನಾನು ಈ ಪುಸ್ತಕ ಓದಲ್ಲ.'

ಅವಳು ಫೋಟೋ ತೆರೆದು ಬೆರಳಿಂದ ಹಿಗ್ಗಿಸಿದಳು. ಸುತ್ತಲಿನ ಅಕ್ಷರಗಳೆಲ್ಲ ಇರುವೆಸಾಲು. ಆದರೆ ಕನ್ನಡಕದ ದಪ್ಪ ಗಾಜಿನೊಳಗೆ ಒಂದೇ ಒಂದು ಸಾಲು ಉಬ್ಬಿ, ಫಲಕಕ್ಕೆ ಬರೆದಷ್ಟು ಸ್ಪಷ್ಟವಾಗಿ ನಿಂತಿತ್ತು: 'ಅವಳು ದೋಣಿಯವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.'

ಅಂಗಡಿಯ ಫ್ರೇಮುಗಳಲ್ಲಿರುವುದು ಬರೀ ತೋರಿಕೆಯ ಗಾಜು. ಇದು ಅವನು ದಿನವೂ ಹಾಕಿಕೊಳ್ಳುವ ಪವರಿನ ಗಾಜು. ಅದು ಅವಳಿಗೆ ಹೊಳೆದೇ ಇರಲಿಲ್ಲ.

ಕಾದಂಬರಿಕಾರ್ತಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಇಲ್ಲ. ಫೋಟೋ ತೆಗೆದುಹಾಕಿ ಏನು ಬಂತು, ಆಗಲೇ ಊರಿಡೀ ಹಂಚಿಕೊಂಡಿದೆ. ಆಕೆ ಯಾವ ಗುಟ್ಟನ್ನು ಕಾಪಾಡಿಕೊಂಡು ಬಂದಿದ್ದರೋ ಅದನ್ನು ತಾನು ಕನ್ನಡಕ ಹಾಕಿ ತೋರಿಸಿದ ಹಾಗಾಯಿತು. ಇನ್ನು ಯಾವ ಲೇಖಕರು ತನ್ನ ಕೈಗೆ ಪುಸ್ತಕ ಕೊಟ್ಟಾರು?

"ಪುಟ್ಟೀ, ಇವರನ್ನ ಕರ್ಕೊಂಡು ಬಂದಿದೀನಿ ನೋಡು," ಎಂದಳು ದೊಡ್ಡಮ್ಮ ಬಾಗಿಲಲ್ಲಿ. ಅವಳ ಹಿಂದೆ ಬಾಗಿಲ ಚೌಕಟ್ಟನ್ನು ಸವರುತ್ತ ಅವನು ನಿಂತಿದ್ದ. "ಕೆಳಗೆ ಕಣ್ಣು ಕಾಣ್ದೆ ಒಬ್ಬ ಹೆಂಗಸಿಗೆ ಅವರ ಗಂಡನ ಕನ್ನಡಕ ಕೊಟ್ಟು ಕಳಿಸ್ತಿದ್ರು. ಆಯಮ್ಮ ಕನ್ನಡಿ ನೋಡ್ಕೊಂಡು, 'ನಮ್ಮ ಯಜಮಾನ್ರಿಗೆ ಇಷ್ಟು ವರ್ಷ ನಾನು ಹೀಗೆ ಕಾಣ್ತಿದ್ನಾ' ಅಂತ ಅಳೋದೊಂದು ಬಾಕಿ."

ಅಂದವಳು ಪುಟ್ಟಿಯ ಮುಖ ನೋಡಿದಳು, ಅವನ ಮುಖ ನೋಡಿದಳು. "ನಾನು ಟೀ ಇಡ್ತೀನಿ," ಎಂದು ಅಡುಗೆಮನೆಗೆ ಹೋಗಿ, ಬೇಕಿಲ್ಲದಿದ್ದರೂ ಬಾಗಿಲು ಮುಂದೆ ಮಾಡಿಕೊಂಡಳು.

*

"ಎಲ್ಲಾ ನಿಮ್ಮ ಕನ್ನಡಕದಿಂದ!" ಎಂದು ಅವಳು ಶುರು ಮಾಡಿದವಳು, ಅರ್ಧಕ್ಕೆ ನಿಂತು, "ಇಲ್ಲ, ನನ್ನಿಂದ," ಎಂದು ಕುರ್ಚಿಗೆ ಕುಸಿದಳು. ಆದದ್ದನ್ನೆಲ್ಲ ಹೇಳಿದಳು.

ಅವನು ಸಮಾಧಾನವಾಗಿ ಕೇಳಿಸಿಕೊಂಡ. "ಪುಸ್ತಕ ನೋಡಿದ್ರಾ?"

"ಫೋಟೋ ನೋಡಿದೆ, ಹಿಗ್ಗಿಸಿ ಹಿಗ್ಗಿಸಿ."

"ಫೋಟೋ ಅಲ್ಲ. ಪುಸ್ತಕ. ಆ ಸಾಲಿನ ಮುಂದೆ ಏನಿದೆ?"

ಪುಸ್ತಕ ಮೊಳ ದೂರದಲ್ಲಿ, ಬೆಳಗ್ಗೆ ಇಟ್ಟಂತೆಯೇ ಬಿಡಿಸಿಕೊಂಡು ಬಿದ್ದಿತ್ತು. ಓದಬಹುದೆಂದು ಅವಳಿಗೆ ತೋಚಿಯೇ ಇರಲಿಲ್ಲ!

ಅವನು ಪುಟದ ಮೇಲಿಂದ ತನ್ನ ಕನ್ನಡಕ ತೆಗೆದು ಹಾಕಿಕೊಂಡ. ಕಣ್ಣುಗಳು ಮತ್ತೆ ಅಗಲವಾದವು. ಒಣಹೂವನ್ನು ಎರಡು ಬೆರಳಿಂದ ಎತ್ತಿ ಅವಳ ಅಂಗೈ ಮೇಲಿಟ್ಟು, ಮೆಲುದನಿಯಲ್ಲಿ ಓದಿದ:

"'ದೋಣಿ ವಾಲಿತು. ಅವಳು ದೋಣಿಯವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಾಲಿಗೆ ದಡ ಸಿಕ್ಕಿದ ಮೇಲೆ ಬಿಟ್ಟಳು. ಮೇಲೆ ವೈದ್ಯ ನಿಂತಿದ್ದ, ತಂದ ಛತ್ರಿಯನ್ನು ಬಿಚ್ಚುವುದೂ ಮರೆತು ತೊಯ್ಯುತ್ತ. ಛತ್ರಿ ನನಗೆ ಕೊಡಿ, ಎಂದಳು ಅವಳು, ಇನ್ನು ಮೇಲೆ ಇದನ್ನು ನಾನು ನೆನಪಿಟ್ಟುಕೊಳ್ಳುತ್ತೇನೆ.'"

ಅಷ್ಟೇ. ಆಮೇಲೆ ಬಿಳಿಯ ಬಯಲು.

"ವೈದ್ಯನೇ!" ಎಂದು ಅವಳು ಕುರ್ಚಿಯಿಂದ ಜಿಗಿದಳು. "ಇಳಿಯೋಕೆ ಕೈ ಹಿಡಿದಿದ್ದು, ಅಷ್ಟೇ! ಮುಂದಿನ ಸಾಲೆಲ್ಲ ನನ್ನ ಹೂವಿನ ಕೆಳಗಿತ್ತು!"

ಫೋನು ಗುಂಯ್‌ಗುಟ್ಟಿತು. ಕಾದಂಬರಿಕಾರ್ತಿ. ನಗುವಿನ ಮಧ್ಯೆ ಮಾತು ಬಿಡಿಸಿಕೊಳ್ಳುವುದೇ ಕಷ್ಟ. "ಬಸ್ಸಲ್ಲಿದ್ದೆ ಕಣಮ್ಮ, ಈಗ ನೋಡಿದೆ. ಅರ್ಧ ಸಾಲು ತೋರಿಸಿ ಮಿಕ್ಕಿದ್ದರ ಮೇಲೆ ಹೂವು ಮುಚ್ಚೋ ಉಪಾಯ ಯಾರದು? ಕೊನೆ ಗೊತ್ತಾಯ್ತು ಅಂತ ಮೆರೀತಿದಾರಲ್ಲ, ಓದಿದಾಗ ಇದೆ ಅವರಿಗೆ! ಫೋಟೋ ಮುಟ್ಟಬೇಡ. ನನ್ನ ಮುಂದಿನ ಪುಸ್ತಕಾನೂ ನಿನಗೇ."

ಫೋನಿಟ್ಟು ಅವಳು ನಕ್ಕಳು. ಅವನೂ ನಕ್ಕ. ಈ ಸಲ ತುಟಿಯ ಎರಡೂ ಕೊನೆಗಳು ನಕ್ಕವು.

"ಪಾಪ," ಎಂದ ಅವನು, "ಅರ್ಧ ನೋಡಿ ಪೂರ್ತಿ ಗೊತ್ತು ಅಂದ್ಕೊಂಡ್ರು." ಅವನ ನೋಟ ಪುಸ್ತಕದಡಿಯಿಂದ ಇಣುಕುತ್ತಿದ್ದ ಲಕೋಟೆಯ ಮೇಲೆ ಬಂದು ಕೂತಿತು. ನಗು ಸಣ್ಣಗಾಯಿತು. "ಆಕೆಯಂತೂ ದಡ ಸೇರಿದಳು. ನಿಮ್ಮ ಕಾಗದ ಯಾವಾಗ ಹೋಗುತ್ತೆ?"

"ಯಾಕೆ ಕೇಳ್ತೀರಿ?"

"ಸುಮ್ನೆ. ಸಿಹಿತಿಂಡಿ ಪುಸ್ತಕದಲ್ಲೂ ಇತ್ತು ಅದು, ಹಿಟ್ಟಿನ ಡಬ್ಬಿಯ ಹಿಂದೆ. ಅಲ್ಲೇನು ಕೆಲಸ ಅದಕ್ಕೆ? ತೋಟಗಾರಿಕೆ ಪುಸ್ತಕದಲ್ಲಿ ಕುಂಡದ ಕೆಳಗೆ. ಅಂಚೆಚೀಟಿ ಸಮೇತ ಸಿದ್ಧ ಮಾಡಿಟ್ಟು ಕಳಿಸೋಕೆ ಧೈರ್ಯ ಸಾಲದೆ ಎಲ್ಲೆಲ್ಲೂ ಜೊತೆಗಿಟ್ಕೊಂಡಿದೀರಿ ಅಂದ್ರೆ, ಅದು ಯಾರೋ ಭಾಗ್ಯವಂತನಿಗೇ ಇರ್ಬೇಕು."

"ಫೋಟೋದಲ್ಲಿ ನೀವು ನೋಡ್ತಿದ್ದದ್ದು ನಿಮ್ಮ ಕನ್ನಡಕಕ್ಕೆ ಗೀರು ಬಿದ್ದಿದೆಯಾ ಅಂತ ಅಲ್ವಾ?"

"ಹಾಗಂತ ಶುರು ಮಾಡಿದೆ." ಅವನು ತಲೆ ತಗ್ಗಿಸಿದ. "ಆಮೇಲೆ ಕನ್ನಡಕ ನೋಡ್ಲಿಲ್ಲ. ಲಕೋಟೆ ಇದೆಯಾ ಅಂತ ನೋಡ್ತಿದ್ದೆ. ಇದ್ರೆ, ಸದ್ಯ, ಇವತ್ತೂ ಹೋಗಿಲ್ಲ ಅಂತ ಸಮಾಧಾನ. ನಾಚಿಕೆಗೇಡು, ಗೊತ್ತು."

ಇದ್ದದ್ದು ಒಂದೇ ಲಕೋಟೆ. ಅದು ಕಾಣದೆ ಇರಲಿ ಎಂದು ಆ ಊರಲ್ಲಿ ಅಮ್ಮ ಹುಡುಕುತ್ತಿದ್ದಳು. ಕಾಣಲಿ, ಕಾಣಲಿ ಎಂದು ಕೆಳಗಿನ ಮಹಡಿಯಲ್ಲಿ ಇವನು.

"ಮಗುಚಿ ನೋಡಿ," ಎಂದಳು.

"ಬೇಡ. ಬೇರೆಯವರ ಕಾಗದ."

"ನಿಮ್ಮನ್ನ!" ಎಂದು ಅವಳೇ ಎಳೆದು, ಮಗುಚಿ, ಅವನ ಕಣ್ಣ ಮುಂದೆ ಹಿಡಿದಳು. "ಓದಿ. ಯಾವ ಭಾಗ್ಯವಂತ ನೋಡಿ. ಅದು ನಮ್ಮಮ್ಮ."

ಅವನು ವಿಳಾಸವನ್ನು ಓದಿದ, ಮತ್ತೆ ಓದಿದ. ಅವಳು ಅಮ್ಮನ ಕರಾರನ್ನು ಹೇಳಿದಳು. ಹೇಳುವಾಗ ಲಕೋಟೆಯನ್ನು ನೋಡುತ್ತ ಹೇಳಿದಳು, ಅವನನ್ನಲ್ಲ.

"ಹಾಗಿದ್ರೆ," ಎಂದ ಅವನು, "ಒಪ್ಪಿದೋರು ಇನ್ನೂ ಸಿಕ್ಕಿಲ್ಲ ಅನ್ನಿ."

"ಸಿಕ್ಕಿದಾರೆ. ಆದ್ರೆ ಅವರಿಗೆ ಹತ್ತಿರ ಇರೋದೇ ಕಾಣಲ್ವಂತೆ."

ಅವನು ಕನ್ನಡಕ ತೆಗೆದ. ತೆಗೆದವನು, ಊರಿಗೆಲ್ಲ ಬುದ್ಧಿ ಹೇಳುವವನು, ತನ್ನ ಅಂಗಿಯ ಅಂಚನ್ನೇ ಎಳೆದು ಗಾಜನ್ನು ಗಸಗಸ ಒರೆಸಿದ. ಮತ್ತೆ ಹಾಕಿಕೊಂಡು ಅವಳ ಕಡೆ ನೋಡಿದ: ಹಣೆಗಂಟಿದ ಹತ್ತಿಯ ಎಳೆ, ಕೆನ್ನೆ, ಆಮೇಲೆ ಕಣ್ಣು. ಅಲ್ಲಿಂದ ನೋಟ ಕದಲಲಿಲ್ಲ.

"ಅಂಗಿಯಿಂದ ಒರೆಸಿದ್ರಿ," ಎಂದಳು ಅವಳು, ಇಷ್ಟೇ ಇಷ್ಟು ದನಿಯಲ್ಲಿ.

"ಒರೆಸಿದ್ರೆ ಒರೆಸಿದೆ ಬಿಡಿ. ಈಗ ಕಾಣ್ತಿದೆ," ಎಂದ ಅವನು. "ಮೊದಲ ಸಲ ಅಂಗಡಿಗೆ ಬಂದು, 'ಕನ್ನಡಕ ಬೇಕು, ಹಾಕ್ಕೊಳ್ಳೋಕಲ್ಲ, ಪಕ್ಕದಲ್ಲಿಡೋಕೆ' ಅಂದ್ರಲ್ಲ. ಅವತ್ತಿಂದ ನನಗೆ ನೀವಂದ್ರೆ ಇಷ್ಟ. ಪಕ್ಕದಲ್ಲಿರೋಕೆ ಕನ್ನಡಕದ ಬದಲು ನಾನಾದ್ರೆ ಆಗುತ್ತಾ?"

ಅವಳು ಬೆಳಗ್ಗೆಯಿಂದ ಮಡಚಿಟ್ಟುಕೊಂಡಿದ್ದ ಬೆರಳನ್ನು ಬಿಡಿಸಿ, ಅವನ ಕನ್ನಡಕವನ್ನು ತುಸು ಮೇಲೆ ಸರಿಸಿ, ಮೂಗಿನ ಬದಿಯ ಕೆಂಪು ಗುರುತಿನ ಮೇಲೆ ಮೆಲ್ಲಗೆ ಇಟ್ಟಳು.

"ಟೀ ಆರಿ ಹೋಗಿತ್ತು, ಇನ್ನೊಂದು ಸಲ ಬಿಸಿ ಮಾಡಿದೆ," ಎಂದಿತು ಅಡುಗೆಮನೆಯ ಬಾಗಿಲು. "ಮುಗೀತಾ, ಮತ್ತೆ ಬಿಸಿ ಮಾಡ್ಲಾ?"

*

ದೊಡ್ಡಮ್ಮ ಟೀ ತಂದದ್ದು ಫೋಟೋದ ಬಟ್ಟಲುಗಳಲ್ಲಿ.

"ದೊಡ್ಡಮ್ಮಾ! ಅವು ಫೋಟೋಗಿರೋದು!"

"ಇಷ್ಟು ದಿನ ಬಣ್ಣದ ನೀರು ಕುಡಿದು ಅವಕ್ಕೂ ಬಾಯಿ ಕೆಟ್ಟಿರುತ್ತೆ. ಸುಮ್ನೆ ಕುಡಿ. ನೀವೂ ತಗೊಳ್ಳಪ್ಪ."

ಲಕೋಟೆಯೊಳಗೆ ಏನಿಡುವುದು ಎಂಬ ಮಾತು ಬಂತು. ಬರೆಯಲು ಕೂತರೆ ಸಂಜೆಯಾಗುತ್ತದೆ, ಸಂಜೆಯಾದರೆ ಧೈರ್ಯ ಕರಗುತ್ತದೆ ಎಂದಳು ಅವಳು. ಹಾಗಾಗಿ ಒಂದು ಫೋಟೋ. ಕಿಟಕಿಯ ಬೆಳಕಲ್ಲಿ ಇಬ್ಬರೂ ನಿಂತರು, ಕ್ಯಾಮೆರಾ ದೊಡ್ಡಮ್ಮನ ಕೈಗೆ ಬಂತು. ಕೋಣೆಯ ಪುಟ್ಟ ಪ್ರಿಂಟರು ಗುರುಗುಡುತ್ತ ಅದನ್ನು ಹೊರಗೆ ತಳ್ಳಿದಾಗ ನೋಡಿದರೆ, ಒಂದು ಮೂಲೆಯಲ್ಲಿ ದೊಡ್ಡಮ್ಮನ ಹೆಬ್ಬೆರಳು ಬೆಟ್ಟದ ಹಾಗೆ ಕೂತಿತ್ತು.

"ಅಯ್ಯೋ, ಇನ್ನೊಂದು ತೆಗೀಬೇಕು."

"ಬೇಡ," ಎಂದ ಅವನು. "ಸಾಕ್ಷಿಗೆ ಯಾರಿದ್ರು ಅಂತ ಅಮ್ಮನಿಗೆ ತಿಳೀಲಿ."

ಅವಳು ಫೋಟೋದ ಹಿಂದೆ ಒಂದೇ ಸಾಲು ಬರೆದಳು: 'ಅಮ್ಮ, ಇವರು ಕನ್ನಡಕದವರು. ಇನ್ನು ಫೋಟೋದಲ್ಲಿ ಹುಡುಕಬೇಡ, ಬಂದು ನೋಡು.'

ಪೋಸ್ಟ್ ಡಬ್ಬಿ ಬೀದಿಯ ತಿರುವಿನಲ್ಲಿತ್ತು. ಲಕೋಟೆ ಹೊಸದಾಗೇನೂ ಉಳಿದಿರಲಿಲ್ಲ. ಬೆನ್ನಿಗೆ ಬಟ್ಟಲಿನ ಗುಂಡು ಕಲೆ, ಒಂದಂಚಿಗೆ ಮೇಣ, ಮೂಲೆಗೆ ಕುಂಡದ ಮಣ್ಣು. ಇಷ್ಟೆಲ್ಲ ಪುಸ್ತಕಗಳ ಪಕ್ಕದಲ್ಲಿ ಮಲಗೆದ್ದು ಬಂದ ಲಕೋಟೆಯಲ್ಲವೇ. ಮಗುಚಿ ಮಗುಚಿ ಇಟ್ಟಿದ್ದರಿಂದ ವಿಳಾಸ ಮಾತ್ರ ಅಮ್ಮ ಬರೆದ ದಿನದಷ್ಟೇ ಚೊಕ್ಕವಾಗಿತ್ತು.

ಡಬ್ಬಿಯ ಬಾಯಿಗೆ ಲಕೋಟೆಯನ್ನು ಅರ್ಧ ಇಟ್ಟು ಅವಳು ನಿಂತುಬಿಟ್ಟಳು. ಇನ್ನೊಂದು ಕೈ ಅವನ ಕೈಯೊಳಗಿತ್ತು.

"ಬಿಡ್ರೀ," ಎಂದ ಅವನು.

"ಯಾವ ಕೈ?"

"ಡಬ್ಬಿಯ ಹತ್ರ ಇರೋದು. ಅದೊಂದೇ."

ಬಿಟ್ಟಳು. ಒಳಗೆ ಎಲ್ಲೋ ಆಳದಲ್ಲಿ ಮೆತ್ತಗೆ ಟಪ್ಪೆಂದ ಸದ್ದಾಯಿತು.